ಚನ್ನಾಜಮ್ಮನ ಜಾಗ

ಎಪ್ಪತ್ತನಾಲ್ಕನೇ ಇಸವಿಯ ಶ್ರಾವಣದಲ್ಲಿ ಮಾಂಬಳ್ಳಿ ಸಮೀಪದ ಹಳೆಯ ವಿಮಾನದ ಬಯಲನ್ನು ಅಳೆದು ವರದಿ ಕೊಡಲು ನನ್ನನ್ನು ಕಳಿಸಿದ್ದರು. ಯುದ್ಧಕಾಲದಲ್ಲಿ ಮಿಲಿಟರಿಯವರು ಮಾಡಿದ್ದ ಬಯಲು ಅದು. ಆಮೇಲೆ ನಾಲ್ಕೈದು ವರ್ಷ ಜನರನ್ನು ಹೊತ್ತ ವಿಮಾನಗಳೂ ಇಳಿದಿದ್ದವು. ಆಮೇಲೆ ಯಾಕೋ ಮುಚ್ಚಿಹೋಗಿತ್ತು. ಮತ್ತೆ ತೆರೆಯಬಹುದೇ, ರನ್‌ವೇ ಎಲ್ಲೆಲ್ಲಿ ಕುಸಿದಿದೆ, ಏನೇನು ರಿಪೇರಿ ಬೇಕು ಎಂದು ನಾನು ಬರೆಯಬೇಕಿತ್ತು. ಜೊತೆಯಲ್ಲಿ ಸರಪಳಿ ಹಿಡಿಯುವ ಪುಟ್ಟಮಲ್ಲಪ್ಪ ಮತ್ತು ಜೀಪ್ ಡ್ರೈವರ್ ಹನುಮಯ್ಯ ಇದ್ದರು.

ಮಧ್ಯಾಹ್ನ ತಲುಪಬೇಕಾದವರು ದೀಪ ಹಚ್ಚುವ ಹೊತ್ತಿಗೆ ತಲುಪಿದೆವು. ಬಿಳಿಗಿರಿರಂಗನ ಬೆಟ್ಟದ ಮೇಲೆ ಕಟ್ಟಿದ್ದ ಮೋಡ ಇಳಿದು ಬಂದು ಒಂದೇ ಸಮನೆ ಸುರಿಯತೊಡಗಿತ್ತು. ಬಯಲಿನ ಗೇಟಿನ ಹತ್ತಿರ ಜೀಪಿನ ಚಕ್ರ ಕೆಸರಿನಲ್ಲಿ ಹೂತುಕೊಂಡಿತು, ತಳ್ಳಿದಷ್ಟೂ ಇನ್ನೂ ಆಳಕ್ಕಿಳಿಯಿತು. ಪ್ರಯಾಣಿಕರಿಗೆಂದು ಕಟ್ಟಿದ್ದ ತಗಡಿನ ಷೆಡ್ಡಿನಲ್ಲಿ ಲಾಟೀನಿನ ಬೆಳಕು ಕಂಡು ಅಲ್ಲಿಗೆ ಓಡಿದೆವು. ಒಳಗೆ ಒಬ್ಬರು ಮುದುಕರು ಒಲೆ ಹಚ್ಚಿಕೊಂಡು ಹುರುಳಿಕಾಳು ಹುರಿಯುತ್ತಿದ್ದರು.

ಹಣೆಯ ತುಂಬ ವಿಭೂತಿ, ಮೈಮೇಲೆ ತೇಪೆ ಹಾಕಿದ ಖಾಕಿ ಕೋಟು. ಹೆಸರು ವೃಷಭೇಂದ್ರಪ್ಪ ಎಂದರು. ಹಿಂದೆ ಇದೇ ನಿಲ್ದಾಣದಲ್ಲಿ ಗುಮಾಸ್ತರಾಗಿದ್ದವರು. ನಾಲ್ಕು ವರ್ಷದಿಂದ, ಯಾರೂ ಕೇಳದಿದ್ದರೂ, ಇಲ್ಲೇ ವಾಸವಂತೆ. ನಮಗೆ ಬೆಲ್ಲದ ಕಾಫಿ ಕಾಯಿಸಿ ಕೊಟ್ಟರು, ಹುರುಳಿಕಾಳನ್ನು ಹಂಚಿದರು. ಪುಟ್ಟಮಲ್ಲಪ್ಪ ಸುಮ್ಮನಿರಲಾರದೆ, ಇಷ್ಟು ಒಳ್ಳೆಯ ಬಯಲನ್ನು ಯಾಕೆ ಸಾ ಮುಚ್ಚಿದ್ರು ಎಂದು ಕೇಳಿದ. ಮುದುಕರು ಅವನ ಕಡೆ ನೋಡಲಿಲ್ಲ. ನಾಳೆ ಬೆಳಿಗ್ಗೆ ರನ್‌ವೇ ಮೇಲೆ ನಡೆಯುವವರು ನೀವೇ ತಾನೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಹಾಗಾದರೆ ನಿಮಗೆ ಹೇಳಲೇಬೇಕು, ಹದಿಮೂರು ವರ್ಷದಿಂದ ಯಾರಿಗೂ ಹೇಳಿಲ್ಲ ಎಂದು ಲಾಟೀನಿನ ಬತ್ತಿಯನ್ನು ಸ್ವಲ್ಪ ತಗ್ಗಿಸಿ ಶುರುಮಾಡಿದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿದ್ದೇನೆ.

ಈ ಕಡೆ ಬನ್ನಿ, ಆ ಗೋಡೆಗೆ ಒರಗಬೇಡಿ, ಅದು ನೆಂದಿದೆ. ಹನುಮಯ್ಯ, ನೀನು ಬಾಗಿಲ ಹತ್ತಿರ ಕೂತು ಮಳೆ ನೋಡ್ತಾ ಇದ್ದರೆ ಮಳೆ ನಿಲ್ಲೋದಿಲ್ಲ ಕಣಪ್ಪ, ಒಳಗೆ ಬಾ. ನಾನು ಹೇಳೋದನ್ನ ಮಧ್ಯದಲ್ಲಿ ಮುರಿಯಬೇಡಿ. ಮುರಿದರೆ ಮತ್ತೆ ಹೇಳುವ ಧೈರ್ಯ ನನಗೆ ಬರೋದಿಲ್ಲ.

ಈ ಬಯಲು ಮೊದಲು ಹೊಲ. ಮಾಂಬಳ್ಳಿಯವರದೇ ಹೊಲ, ಹುರುಳಿ, ಎಳ್ಳು, ಜೋಳ ಬೆಳೀತಿದ್ದ ಬೋರೆ ನೆಲ. ನಲವತ್ತಮೂರರಲ್ಲಿ ಜಪಾನಿನವನು ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ ಊರೆಲ್ಲ ಗುಲ್ಲೆದ್ದಿತ್ತು. ಆಗ ಮಿಲಿಟರಿಯವರು ಬಂದರು, ಬಾವುಟ ನೆಟ್ಟರು, ದಾರ ಹಿಡಿದರು, ಎಂಟು ದಿನದಲ್ಲಿ ಹೊಲ ಬಿಡಿ ಅಂದರು. ಬಿಡೋದಿಲ್ಲ ಅನ್ನೋದಕ್ಕೆ ಯಾರಿಗೆ ಬಾಯಿದೆ ಹೇಳಿ? ಬಿಟ್ಟರು. ಆದರೆ ಒಂದು ಮಾತು ಮಾತ್ರ ಕೇಳಿದರು... ನಮ್ಮ ಗದ್ದುಗೆಗಳಿಗೆ ಏನು ಮಾಡ್ತೀರಿ ಅಂತ.

ಹನುಮಯ್ಯ, ನಿಮ್ಮಲ್ಲಿ ಸುಡ್ತಾರೋ ಮಲಗಿಸ್ತಾರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಕೂರಿಸ್ತೀವಿ. ಸತ್ತವರನ್ನ ಅವರವರ ಹೊಲಕ್ಕೇ ಹೊತ್ತುಕೊಂಡು ಹೋಗಿ, ಆಳವಾಗಿ ಗುಂಡಿ ತೋಡಿ, ಗುಂಡಿಯೊಳಗೆ ಒಂದು ಪಕ್ಕಕ್ಕೆ ಗೂಡು ಕೊರೆದು, ಆ ಗೂಡಿನಲ್ಲಿ ಚಕ್ಕಂಬಕ್ಕಲ ಹಾಕಿ ಕೂರಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಕೊಡ್ತೀವಿ. ಅದೇ ಗದ್ದುಗೆ. ಗಂಡ ಮೊದಲು ಹೋದರೆ ಅವನ ಎಡಗಡೆ ಹೆಂಡತಿಗೆ ಜಾಗ ಬಿಟ್ಟಿರ್ತೀವಿ. ಅಲ್ಲಿ ಯಾರೂ ಉಳೋದಿಲ್ಲ, ಬಿತ್ತೋದಿಲ್ಲ, ಯಾಕೆ ಅಂತ ಮಕ್ಕಳೂ ಕೇಳೋದಿಲ್ಲ. ಅದು ಆಕೆಯ ಜಾಗ, ಅಷ್ಟೇ.

ಗದ್ದುಗೆ ಮುಟ್ಟೋದಿಲ್ಲ ಅಂತ ಮಿಲಿಟರಿ ಕಂಟ್ರಾಕ್ಟರು ಹೇಳಿದ. ಹೇಳಿ ಹದಿನೈದು ದಿನಕ್ಕೆ ರೋಲರ್ ತಂದ. ಆ ರೋಲರಿನ ಮುಂದಿನ ಚಕ್ರ ಒಂದು ಕಡೆ ಧಸಕ್ಕನೆ ಇಳಿದು ನಿಂತಿತಂತೆ. ಅದು ಕೆಂಪನಂಜಪ್ಪ ಅನ್ನೋರ ಗದ್ದುಗೆ. ಒಳಗೆ ಗೂಡು ಪೊಳ್ಳು ಅಲ್ಲವಾ, ಭಾರ ತಡೆಯಲಿಲ್ಲ. ಚಕ್ರ ಎತ್ತಿ, ಕಲ್ಲು ತುಂಬಿ, ಮೇಲೆ ಟಾರು ಹೊಯ್ದು ಮುಂದೆ ಹೋದರು. ಆತ ಸತ್ತು ಆಗ ಎರಡೇ ವರ್ಷ. ಹೆಂಡತಿ ಚನ್ನಾಜಮ್ಮ ತಂತಿ ಬೇಲಿ ಹಿಡಿದುಕೊಂಡು ನಿಂತು ಎಲ್ಲಾ ನೋಡಿದಳು. ಮಕ್ಕಳಿಲ್ಲದವಳು. ಅತ್ತಳೋ ಇಲ್ಲವೋ, ನಾನಾಗ ಮೈಸೂರಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾ ಇದ್ದೆ, ನನಗೆ ಗೊತ್ತಿಲ್ಲ.

ಯುದ್ಧ ಮುಗೀತು. ಮಿಲಿಟರಿ ಹೋಯ್ತು. ಬಯಲು ಖಾಲಿ ಬಿದ್ದು ಊರ ದನ ಮೇಯ್ದವು. ಐವತ್ತಾರರಲ್ಲಿ ಕೊಳ್ಳೇಗಾಲ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿತಲ್ಲ, ಆ ಹುರುಪಿನಲ್ಲಿ ಈ ಸೀಮೆಗೂ ಒಂದು ವಿಮಾನ ಬರಲಿ ಅಂತ ಯಾರೋ ಮೇಲಿನವರು ಮನಸ್ಸು ಮಾಡಿದರು. ಮರುವರ್ಷ ಈ ಷೆಡ್ಡು ಎದ್ದಿತು, ಗಾಳಿ ನೋಡೋ ಚೀಲ ಕಂಬಕ್ಕೇರಿತು. ಮಂಗಳವಾರ ಒಂದು, ಶನಿವಾರ ಒಂದು, ನಡುಮಧ್ಯಾಹ್ನದ ಹೊತ್ತಿಗೆ ಡಕೋಟಾ ಇಳೀತಿತ್ತು. ಬೆಂಗಳೂರಿಂದ ಬಂದು ಕೊಯಮತ್ತೂರಿಗೆ ಹೋಗೋದು. ಕೊಳ್ಳೇಗಾಲದ ರೇಷ್ಮೆ ಸಾಹುಕಾರರು, ಬೆಟ್ಟದ ಕಾಫಿ ತೋಟದವರು, ಅಧಿಕಾರಿಗಳು... ಮೂರೋ ನಾಲ್ಕೋ ಜನ ಹತ್ತೋರು, ಮುನ್ನೂರು ಜನ ನೋಡೋಕೆ ಬರೋರು. ನಾನು ಇಲ್ಲಿ ಗುಮಾಸ್ತ. ಗುಮಾಸ್ತ ಅಂದರೆ ಹೆಸರಿಗೆ. ಟಿಕೆಟ್ ಹರಿಯೋದೂ ನಾನೇ, ಸೈರನ್ನು ತಿರುಗಿಸಿ ದನ ಓಡಿಸೋದೂ ನಾನೇ, ಗೇಟಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋನೂ ನಾನೇ. ಕೆಲಸ ಮಾತ್ರ ಖಾಯಂ ಆಗಿರಲಿಲ್ಲ. ಆರಾರು ತಿಂಗಳಿಗೆ ಒಂದು ಕಾಗದ ಬರಬೇಕು, ಆ ಕಾಗದ ಬರೋವರೆಗೆ ಮನೆಯಲ್ಲಿ ಅಕ್ಕಿ ಬೇಯೋದಿಲ್ಲ.

ಚನ್ನಾಜಮ್ಮ ಸೋಮವಾರ ಸೋಮವಾರ ಬರೋಳು. ಮಡಿಲಲ್ಲಿ ಬಿಲ್ವಪತ್ರೆ. ಬೇಲಿ ನುಸುಳಿ, ರನ್‌ವೇ ಮಧ್ಯಕ್ಕೆ ನಡೆದು, ಟಾರಿನ ಮೇಲೆ ಎಲೆ ಇಟ್ಟು, ಕೈಮುಗಿದು ಹೋಗೋಳು. ಮೊದಲ ಸಲ ನಾನು ಗದರಿದೆ, ಇದು ಸರ್ಕಾರದ ಜಾಗ ಅಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಇಲ್ಲಿ ನಮ್ಮೋರು ಕುಂತವ್ರೆ ಕನಪ್ಪ, ಸರ್ಕಾರಕ್ಕೇನು ತೊಂದ್ರೆ ಕೊಡಕ್ಕಿಲ್ಲ ಅಂದಳು. ಸೋಮವಾರ ವಿಮಾನ ಇಲ್ಲವಲ್ಲ, ಹೋಗಲಿ ಅಂತ ಬಿಟ್ಟೆ. ಆಮೇಲೆ ನನ್ನ ಮನೆಗೂ ಬರೋಕೆ ಶುರುಮಾಡಿದಳು. ನನ್ನ ಹೆಂಡತಿ ಪುಟ್ಟಬಸಮ್ಮನಿಗೆ ಅವಳು ತಾಯಿಯ ಹಾಗೇ ಆಗಿಬಿಟ್ಟಳು.

ಐವತ್ತೆಂಟರ ಶ್ರಾವಣ. ಇಂಥದೇ ಮಳೆ. ಭಾನುವಾರ ರನ್‌ವೇ ನೋಡಿ ಬರೋಣ ಅಂತ ಹೋದರೆ, ಕೆಂಪನಂಜಪ್ಪನ ಗದ್ದುಗೆಯ ಎಡಕ್ಕೆ, ಒಂದು ಮಾರು ದೂರದಲ್ಲಿ, ಟಾರು ಕುಸಿದು ಗುಂಡಿ ಬಿದ್ದಿದೆ. ಬಗ್ಗಿ ನೋಡಿದೆ. ಮಳೆಗೆ ಬಿದ್ದ ಗುಂಡಿ ಹೇಗಿರ್ತದೆ? ಅಂಚು ಹರಿದಿರ್ತದೆ, ತಳದಲ್ಲಿ ನೀರಿರ್ತದೆ. ಇದರಲ್ಲಿ ಒಂದು ತೊಟ್ಟು ನೀರಿಲ್ಲ. ನಾಲ್ಕು ಕಡೆಯೂ ಗುದ್ದಲಿಯಲ್ಲಿ ಕೆತ್ತಿದ ಹಾಗೆ ನೆಟ್ಟಗಿದೆ. ಒಳಗಡೆ ಒಂದು ಪಕ್ಕಕ್ಕೆ... ಗೂಡು. ಒಬ್ಬರು ಕೂರುವಷ್ಟು.

ಗ್ಯಾಂಗಿನವರನ್ನ ಕರೆಸಿ ಮುಚ್ಚಿಸಿದೆ. ಹೂಗ್ಯಂ ಕಡೆಯಿಂದ ಬಂದ ಆಳುಗಳು, ಇಲ್ಲೇ ಗುಡಿಸಲು ಹಾಕಿಕೊಂಡಿದ್ದರು, ಊರವರ ಜೊತೆ ಹೆಚ್ಚು ಮಾತಿಲ್ಲ. ಮರುವರ್ಷ ಶ್ರಾವಣಕ್ಕೆ ಮತ್ತೆ ಅದೇ ಜಾಗದಲ್ಲಿ ಅದೇ ಗುಂಡಿ. ಮತ್ತೆ ಮುಚ್ಚಿಸಿದೆ. ಚನ್ನಾಜಮ್ಮನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ಜಗುಲಿ ಮೇಲೆ ಕೂತಿದ್ದಳು, ಕೈಯಲ್ಲಿದ್ದ ಅವರೆಕಾಯಿ ಸುಲೀತಾನೇ ಹೇಳಿದಳು.

"ಅದು ಮಳೆಗೆ ಬಿದ್ದುದ್ದಲ್ಲ ಮೊಗ. ಅವ್ರು ನನ್ಗೆ ಜಾಗ ಮಾಡ್ತಾವ್ರೆ. ಮುಚ್ಚು, ನಾನಿರಗಂಟ ಮುಚ್ಚು, ನಿನ್ ಇಮಾನಕ್ಕೆ ತೊಂದ್ರೆ ಆಗದು ಬ್ಯಾಡ. ನಾನ್ ಸತ್ತಾಗ ಮಾತ್ರ ಕಲ್ಲು ಆಕ್ಬ್ಯಾಡ. ನನ್ನ ಅಲ್ಗೇ ಮಡಗ್ಬುಡು. ಸರ್ಕಾರ್ದೋರು ಆವತ್ತೂ ಮಾತು ಕೊಟ್ಟು ತಪ್ಪುದ್ರು. ನೀನು ಸರ್ಕಾರ ಅಲ್ಲ, ನಮ್ಮೂರ್ ಮೊಗ, ಅದ್ಕೆ ನಿನ್ನ ಕೇಳ್ತಿವ್ನಿ."

ನಾನು ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟೆ. ಯಾಕೆ ಕೊಡಬಾರದು? ಗುಂಡಿ ಹೇಗೂ ಬೀಳ್ತದೆ, ಹೇಗೂ ತುಂಬಿಸ್ತೀವಿ. ಬರೀ ಕಲ್ಲಿನ ಬದಲು ಮೊದಲು ಆ ತಾಯಿಯನ್ನ ಕೂರಿಸಿ, ಮಣ್ಣು ಕೊಟ್ಟು, ಮೇಲೆ ಕಲ್ಲು ಹಾಕಿ ಟಾರು ಹೊಯ್ದರೆ ಯಾರಿಗೆ ತಿಳೀತದೆ? ಒಂದು ಗಂಟೆಯ ಕೆಲಸ. ಈ ಮಾತು ನೆನಪಿರಲಿ ಇಂಜಿನಿಯರ್ ಸಾಹೇಬರೇ... ಒಂದೇ ಗಂಟೆಯ ಕೆಲಸ. ಅವಳು ಊರೆಲ್ಲ ಹೇಳಿಕೊಂಡು ಬಂದಳು, ನಮ್ಮೋರು ಜಾಗ ಮಾಡವ್ರೆ, ವೃಷಬೇಂದ್ರ ಭಾಷೆ ಕೊಟ್ಟವ್ನೆ ಅಂತ. ಮದುವೆ ಗೊತ್ತಾದ ಹುಡುಗಿ ಹೇಳಿಕೊಂಡು ತಿರುಗ್ತಾಳಲ್ಲ, ಆ ಥರ.

ಅರವತ್ತೊಂದರ ಶ್ರಾವಣದಲ್ಲಿ ಹಾಸಿಗೆ ಹಿಡಿದಳು. ಗುರುವಾರ ಸಂಜೆ ನಾನೂ ನನ್ನ ಹೆಂಡತಿಯೂ ನೋಡೋಕೆ ಹೋದೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾತು ನಿಂತುಹೋಗ್ತಿತ್ತು, ಆದರೂ ನನ್ನ ಕೈ ಹಿಡಿದು ಕೇಳಿದಳು, "ಬಿದ್ದದಾ ಮೊಗ?" ಬಿದ್ದಿತ್ತು. ಆವತ್ತು ಬೆಳಿಗ್ಗೆಯೇ ನೋಡಿ ಬಂದಿದ್ದೆ. ಬಿದ್ದದೆ ಅವ್ವ ಅಂದೆ. ನಕ್ಕಳು. ಅವಳ ಮುಖದಲ್ಲಿ ಅಂಥಾ ನಗು ನಾನು ಮೊದಲು ನೋಡಿರಲಿಲ್ಲ. ಬೆಳಗಿನ ಜಾವ ಪ್ರಾಣ ಹೋಯ್ತು.

ಶುಕ್ರವಾರ ಬೆಳಿಗ್ಗೆ ನಮ್ಮ ಆಫೀಸರ್ ಗೋವಿಂದಯ್ಯನವರು ಜೀಪಿನಲ್ಲಿ ಬಂದರು. ನಾಳೆಯ ವಿಮಾನದಲ್ಲಿ ದೊಡ್ಡವರೊಬ್ಬರು ಬರ್ತಾರೆ, ನಿಲ್ದಾಣ ಉಳಿಯೋದೂ ಹೋಗೋದೂ ಅವರ ಕೈಯಲ್ಲಿದೆ, ರನ್‌ವೇ ಕನ್ನಡಿಯ ಹಾಗಿರಬೇಕು, ಆ ಗುಂಡಿಯನ್ನ ಈಗಲೇ ಮುಚ್ಚಿಸು, ಮಧ್ಯಾಹ್ನ ನಾನು ಬಂದು ನೋಡ್ತೀನಿ, ನಿನ್ನ ಖಾಯಂ ಕಾಗದ ನನ್ನ ಬ್ಯಾಗಿನಲ್ಲಿದೆ ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಸರ್, ಒಂದು ಗಂಟೆ ಬಿಡಿ, ಒಬ್ಬ ಅವ್ವನನ್ನ ಮಣ್ಣು ಮಾಡಬೇಕು ಅಂತ ನಾನು ಬಾಯಿ ಬಿಟ್ಟು ಕೇಳಿದ್ದರೆ ಏನನ್ನುತ್ತಿದ್ದರೋ... ಆಗಲಿ ಅನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ರನ್‌ವೇನಲ್ಲಿ ಹೆಣ ಹೂಳ್ತೀನಿ ಅಂದವನಿಗೆ ಯಾರು ಖಾಯಂ ಮಾಡ್ತಾರೆ ಅಂತ ನಾನೇ ನನ್ನ ತಲೆಯಲ್ಲಿ ಅವರ ಉತ್ತರ ಬರೆದುಕೊಂಡೆ.

ಗ್ಯಾಂಗಿನವರನ್ನ ಕರೆದುಕೊಂಡು ಹೋದೆ. ಗುಂಡಿಯೊಳಗೆ ಇಣುಕಿ ನೋಡಿ ಅವರು ಜಲ್ಲಿ ತುಂಬಿದ ಮಂಕರಿ ಕೆಳಗಿಟ್ಟರು. ಆ ಸಲ ಗೂಡಿನ ತಳದಲ್ಲಿ ಯಾರೋ ಕೈಯಿಂದ ಸವರಿ ನುಣ್ಣಗೆ ಮಾಡಿದ ಹಾಗಿತ್ತು. ಆಗಲ್ಲ ಸಾ, ಇದು ಯಾರಿಗೋ ಮಾಡಿ ಮಡಗಿರೋ ಜಾಗ ಅಂದರು. ಬೈದೆ, ಕೆಲಸದಿಂದ ತೆಗೀತೀನಿ ಅಂದೆ. ಅಲುಗಲಿಲ್ಲ. ಆಮೇಲೆ ನಾನೇ ಕೋಟು ಬಿಚ್ಚಿ, ಟಾರು ಕಲಸಿದ ಜಲ್ಲಿಯನ್ನ ಮಂಕರಿ ಮಂಕರಿ ಹೊತ್ತು ಸುರಿದೆ. ಮೊದಲ ಮಂಕರಿ ಬಿದ್ದಾಗ ಒಳಗಿಂದ ಉಸಿರು ಎಳೆದುಕೊಂಡ ಸದ್ದಾಯಿತು. ಪೊಳ್ಳು ನೆಲ, ಗಾಳಿ ಇರ್ತದೆ ಅಂದುಕೊಂಡೆ. ರೋಲರ್ ಮಾತ್ರ ಅವರಲ್ಲೊಬ್ಬ ಓಡಿಸಿದ, ಕಣ್ಣು ಮುಚ್ಚಿಕೊಂಡು. ಸಂಜೆಗೆ ಅವರೆಲ್ಲ ಗಂಟು ಮೂಟೆ ಕಟ್ಟಿಕೊಂಡು ಹೊರಟುಹೋದರು.

ಮಧ್ಯಾಹ್ನ ಎರಡು ಗಂಟೆಗೆ ಊರಿನವರು ಹೊತ್ತುಕೊಂಡು ಬಂದರು. ತಮಟೆ, ಶಂಖ, ಜಾಗಟೆ. ಕುರ್ಚಿಯಲ್ಲಿ ಚನ್ನಾಜಮ್ಮನನ್ನ ಕೂರಿಸಿ, ಹೂ ಕಟ್ಟಿ, ಹಣೆಗೆ ವಿಭೂತಿ ಇಟ್ಟು... ಬದುಕಿದ್ದಾಗ ಅವಳಿಗೆ ಅಷ್ಟು ಹೂ ಯಾರು ಮುಡಿಸಿದ್ದರು? ಮುಂದೆ ಮಹದೇವಯ್ಯನವರು, ನಮ್ಮ ಊರಿನ ಅಯ್ಯನವರು, ಎಲ್ಲಾ ಕ್ರಿಯೆ ಮಾಡಿಸುವವರು. ಹೆಂಗಸರ ನಡುವೆ ನನ್ನ ಹೆಂಡತಿ. ಗೇಟಿನ ಹತ್ತಿರ ನಿಂತರು. ಬೀಗದ ಕೈ ನನ್ನ ಸೊಂಟದಲ್ಲಿ.

"ಗುಂಡಿ ಬಿದ್ದದ ಏನಪ್ಪ ವೃಷಬೇಂದ್ರ?" ಅಂತ ಅಯ್ಯನವರು ಕೇಳಿದರು.

ಬಿದ್ದಿತ್ತು, ನಾನು ಮುಚ್ಚಿದೆ, ಹೊಟ್ಟೆಪಾಡಿಗೆ ಮುಚ್ಚಿದೆ, ಕ್ಷಮಿಸಿ ಅಂತ ಹೇಳಿದ್ದರೆ ಇಷ್ಟು ದೂರ ಬರ್ತಿರಲಿಲ್ಲ. ಉಗೀತಿದ್ದರು. ಒದೀತಿದ್ದರು. ಒದೆಸಿಕೊಂಡು ಮನೆಗೆ ಹೋಗಿ ಉಣ್ಣಬಹುದಿತ್ತು. ನಾನು ಏನಂದೆ ಗೊತ್ತಾ? ಟಾರಿನ ವಾಸನೆ ಇನ್ನೂ ಹೋಗದ ಕೈಯನ್ನ ಬೆನ್ನ ಹಿಂದೆ ಕಟ್ಟಿಕೊಂಡು ಅಂದೆ...

"ಈ ಸಲ ಬೀಳ್ಲಿಲ್ಲ ಅಯ್ಯನೋರೆ. ಕೆಂಪನಂಜಪ್ಪನೋರು ಜಾಗ ಕೊಡ್ಲಿಲ್ಲ."

ತಮಟೆ ನಿಂತಿತು. ಆ ಹೆಂಗಸು ಇಪ್ಪತ್ತು ವರ್ಷ ಗಂಡನ ಹತ್ತಿರ ಹೋಗೋದಕ್ಕೆ ಕಾದಿದ್ದಳು. ನಾನು ಅವಳ ಹೆಣದ ಎದುರಿಗೆ, ಊರೆಲ್ಲ ಕೇಳೋ ಹಾಗೆ, ನಿನ್ನ ಗಂಡ ನಿನ್ನನ್ನ ಬೇಡ ಅಂದ ಅಂತ ಹೇಳಿಬಿಟ್ಟೆ. ಸತ್ತವನ ಬಾಯಲ್ಲಿ ಸುಳ್ಳು ತುರುಕಿದೆ. ನನ್ನ ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡಿದಳು. ಗುರುವಾರ ಸಂಜೆ ನಾನು ಬಿದ್ದದೆ ಅಂದಿದ್ದನ್ನ ಕೇಳಿದವರು ಎರಡೇ ಜನ. ಒಬ್ಬಳು ಸತ್ತಿದ್ದಳು. ಇನ್ನೊಬ್ಬಳು ಗಂಡನ ಮಾನ ಅಂತ ಬಾಯಿ ಮುಚ್ಚಿಕೊಂಡಳು.

ಚನ್ನಾಜಮ್ಮನನ್ನ ಕೆರೆಯ ಏರಿಯ ಕೆಳಗೆ ಕೂರಿಸಿ ಬಂದರು. ರಾತ್ರಿ ಪುಟ್ಟಬಸಮ್ಮ ನನಗೆ ಬಡಿಸಿ, ತಾನು ಉಣ್ಣದೆ ದೂರ ಕೂತು ಹೇಳಿದಳು. "ಊರೋರ್ಗೆ ನಿಜ ಯೋಳಿ. ಅವ್ವುನ್ಗೂ ಗೊತ್ತದೆ, ನನ್ಗೂ ಗೊತ್ತದೆ. ನೀವು ಯೋಳಗಂಟ ನಾನು ಕೇಳ್ತಾನೇ ಇರ್ತೀನಿ." ಕೇಳಲಿಲ್ಲ ಅವಳು. ಅದೊಂದೇ ಸಲ ಅಂದಿದ್ದು. ಆದರೆ ಆಮೇಲೆ ಎಂಟು ವರ್ಷ, ನನ್ನ ಮುಂದೆ ತಟ್ಟೆ ಇಟ್ಟಾಗಲೆಲ್ಲ ಒಂದು ಗಳಿಗೆ ನಿಂತು ನನ್ನ ಮುಖ ನೋಡಿ ಹೋಗೋಳು.

ಶನಿವಾರ ದೊಡ್ಡವರು ಬಂದರು, ಹಾರ ಹಾಕಿಸಿಕೊಂಡರು, ಹೋದರು. ನನ್ನ ಕಾಗದಕ್ಕೆ ಸಹಿ ಬಿತ್ತು. ಮಂಗಳವಾರ ವಿಮಾನ ಬಂತು, ಕೆಳಕ್ಕೆ ಇಳೀತು, ಇನ್ನೇನು ಚಕ್ರ ನೆಲ ಮುಟ್ಟಬೇಕು... ಜರ್ರನೆ ಮೇಲಕ್ಕೆದ್ದು, ಒಂದು ಸುತ್ತು ಹೊಡೆದು, ಹಂಗೇ ಕೊಯಮತ್ತೂರಿಗೆ ಹೋಯ್ತು. ಮರುದಿನ ಟೆಲಿಗ್ರಾಂ. ರನ್‌ವೇ ಮಧ್ಯೆ ಮುದುಕಿಯೊಬ್ಬಳು ಕೂತಿದ್ದಳು, ನೀವೇನು ನಿದ್ದೆ ಮಾಡ್ತಿದ್ದಿರಾ ಅಂತ. ಕಣ್ಣಾರೆ ನೋಡಿದ್ದೆ ನಾನು, ಕಾಗೆ ಕೂಡ ಇರಲಿಲ್ಲ ಅಲ್ಲಿ.

ಆ ಶನಿವಾರ ನನಗೂ ಕಂಡಳು. ಜನ ದೆವ್ವ ಅಂದರೆ ಅಮಾವಾಸ್ಯೆ, ನಡುರಾತ್ರಿ ಅಂತಾರೆ. ಉರಿಬಿಸಿಲು ಕಣ್ರಪ್ಪ. ಹನ್ನೆರಡು ಗಂಟೆ. ಟಾರಿನ ಮೇಲೆ ಝಳ ಏಳ್ತಿತ್ತು. ಆ ಝಳದ ನಡುವೆ ಚಕ್ಕಂಬಕ್ಕಲ ಹಾಕಿಕೊಂಡು ಕೂತಿದ್ದಳು, ಗದ್ದುಗೆಯಲ್ಲಿ ಹೇಗೆ ಕೂರಿಸ್ತೀವೋ ಹಾಗೆ, ಎಡಗೈ ಎದೆ ಮುಂದೆ ಹಿಡಿದುಕೊಂಡು. ಹೂವೆಲ್ಲ ಹಾಗೇ ಇತ್ತು. ನಾನು ಕೂಗುತ್ತಾ ಓಡಿದೆ, ಅವ್ವ ಏಳವ್ವ, ವಿಮಾನ ಬತ್ತದೆ ಏಳವ್ವ ಅಂತ. ಹತ್ತು ಮಾರು ದೂರ ಇರೋವಾಗ ಅವಳು ಬಲಗೈಯಲ್ಲಿ ಪಕ್ಕದ ಟಾರನ್ನ ತಟ್ಟಿದಳು, ಬಾಗಿಲು ತಟ್ಟೋ ಹಾಗೆ. ತಟ್ಟಿ, ಕಿವಿಗೊಟ್ಟಳು. ಮತ್ತೆ ತಟ್ಟಿದಳು. ನನ್ನ ಕಡೆ ತಿರುಗಲೇ ಇಲ್ಲ. ನಾನು ಹತ್ತಿರ ಹೋಗೋಷ್ಟರಲ್ಲಿ ಬರೀ ಟಾರು. ಮುಟ್ಟಿ ನೋಡಿದೆ. ಸುಡುಬಿಸಿಲಿನಲ್ಲಿ ಅಷ್ಟಗಲ ಜಾಗ ಮಾತ್ರ ತಣ್ಣಗಿತ್ತು.

ಹತ್ತು ತಿಂಗಳು ಹೀಗೇ ನಡೀತು. ಇಳಿದ ವಿಮಾನಕ್ಕಿಂತ ಇಳಿಯದೆ ಹೋದದ್ದೇ ಹೆಚ್ಚು. ಕೊನೆಗೆ ಒಬ್ಬ ಹೊಸ ಪೈಲಟ್, ಇಂಥದ್ದನ್ನೆಲ್ಲ ನಂಬದವನು, ಇಳಿಸೇ ಇಳಿಸ್ತೀನಿ ಅಂತ ಇಳಿಸಿದ. ಕೊನೇ ಗಳಿಗೆಯಲ್ಲಿ ಅವನ ಕೈ ತಾನಾಗೇ ತಿರುಗಿ ವಿಮಾನ ರನ್‌ವೇ ಬಿಟ್ಟು ಹುರುಳಿ ಹೊಲಕ್ಕೆ ನುಗ್ಗಿತು. ಚಕ್ರ ಮುರೀತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲಿಗೆ ನಿಲ್ದಾಣ ಮುಗೀತು. ಗೋವಿಂದಯ್ಯನವರಿಗೆ ವರ್ಗವಾಯ್ತು. ನನ್ನನ್ನ ಕೊಳ್ಳೇಗಾಲದ ಒಂದು ಕಚೇರಿಗೆ ಹಾಕಿದರು. ಖಾಯಂ ಆಗಿತ್ತಲ್ಲ, ತೆಗೆಯೋ ಹಾಗಿಲ್ಲ.

ಅರವತ್ತೈದರ ಮಳೆಗೆ ಕೆರೆ ಏರಿ ಒಡೆದು ಚನ್ನಾಜಮ್ಮನ ಗದ್ದುಗೆ ನೀರಿನ ಪಾಲಾಯ್ತು. ಎಲುಬಿನ ಚೂರೂ ಸಿಗಲಿಲ್ಲ. ಅಂದರೆ, ನನಗೆ ಬುದ್ಧಿ ಬಂದು ತಪ್ಪು ತಿದ್ದಿಕೊಳ್ಳೋಣ ಅಂದರೂ ತಂದು ಕೂರಿಸೋಕೆ ಅವಳೇ ಇಲ್ಲ. ನನ್ನ ಪುಟ್ಟಬಸಮ್ಮ ಅರವತ್ತೊಂಬತ್ತರಲ್ಲಿ ಹೋದಳು. ಆವತ್ತೂ ನನ್ನ ಮುಖವನ್ನೇ ನೋಡ್ತಾ ಹೋದಳು. ಆಗಲೂ ನಾನು ಊರವರಿಗೆ ಹೇಳಲಿಲ್ಲ. ಹೇಡಿಗೆ ಮುಹೂರ್ತವೇ ಬರೋದಿಲ್ಲ. ಮಾಂಬಳ್ಳಿಯ ನಮ್ಮ ಹೊಲದಲ್ಲಿ ಅವಳನ್ನ ಕೂರಿಸಿ, ಪಕ್ಕದಲ್ಲಿ ನನಗೆ ಜಾಗ ಬಿಟ್ಟೆ.

ವರ್ಷದ ಮೇಲೆ ಗದ್ದುಗೆ ಹತ್ತಿರ ಒಂದು ಬಿಲ್ವದ ಸಸಿ ನೆಡೋಣ ಅಂತ ಹಾರೆ ತಕೊಂಡು ಹೋದೆ. ನನಗೆ ಅಂತ ಬಿಟ್ಟ ಜಾಗದಲ್ಲೇ ಹಾರೆ ಹಾಕಿದೆ. ಒಂದು ಗೇಣು ಮಣ್ಣು. ಅದರ ಕೆಳಗೆ ಠಣ್ ಅಂತು. ಕಲ್ಲೇನೋ ಅಂತ ಮಣ್ಣು ಸರಿಸಿದೆ... ಟಾರು ಕಲಸಿದ ಜಲ್ಲಿ. ರೋಲರ್ ಓಡಿಸಿದ ಹಾಗೆ ಮಟ್ಟಸವಾಗಿ ಕೂತಿತ್ತು. ನಮ್ಮ ಹೊಲ ಎಲ್ಲಿ, ಈ ರನ್‌ವೇ ಎಲ್ಲಿ, ಮಧ್ಯೆ ಎರಡು ಮೈಲಿ! ಪಕ್ಕಕ್ಕೆ ಸರಿದು ತೋಡಿದೆ. ಅಲ್ಲೂ ಜಲ್ಲಿ. ಹಿಂದೆ ತೋಡಿದೆ, ಮುಂದೆ ತೋಡಿದೆ. ಪುಟ್ಟಬಸಮ್ಮ ಕೂತಿರೋ ಅಷ್ಟು ಜಾಗ ಬಿಟ್ಟು ಸುತ್ತಲೂ ಜಲ್ಲಿ, ಹಾರೆ ಮುರಿದರೂ ಏಳದ ಜಲ್ಲಿ. ಅಳು ಬಂತು ನನಗೆ. ಅಲ್ಲೇ ಕೂತು ಅತ್ತೆ. ನಾನು ಒಬ್ಬ ಹೆಂಡತಿಯನ್ನ ಗಂಡನ ಹತ್ತಿರ ಹೋಗಗೊಡಲಿಲ್ಲ. ನನ್ನ ಹೆಂಡತಿಯ ಹತ್ತಿರ ನನ್ನನ್ನ ಯಾರು ಬಿಡ್ತಾರೆ?

ಅಷ್ಟರಲ್ಲಿ ನೌಕರಿಯೂ ಮುಗಿದಿತ್ತು. ಆಮೇಲೆ ಮನೆಗೆ ಹೋಗೋಕೆ ಮನಸ್ಸಾಗಲಿಲ್ಲ. ಇಲ್ಲಿಗೆ ಬಂದೆ. ನಾಲ್ಕು ವರ್ಷವಾಯ್ತು. ಊರವರು ತಲೆ ಕೆಟ್ಟಿದೆ ಅಂತಾರೆ, ಅನ್ನಲಿ. ಪ್ರತಿ ಶ್ರಾವಣಕ್ಕೂ ರನ್‌ವೇಗೆ ಹೋಗಿ ನೋಡ್ತಿದ್ದೆ. ನಾನು ಮುಚ್ಚಿದ ಮೇಲೆ ಆ ಗುಂಡಿ ಒಂದು ಸಲವೂ ಬಿದ್ದಿರಲಿಲ್ಲ.

ಅವರು ಇಲ್ಲಿ ನಿಲ್ಲಿಸಿದರು. ತಗಡಿನ ಮೇಲೆ ಮಳೆ ಸ್ವಲ್ಪ ಸಣ್ಣಗಾಗಿತ್ತು. ಪುಟ್ಟಮಲ್ಲಪ್ಪ ಕೈಯಲ್ಲಿದ್ದ ಹುರುಳಿಕಾಳನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತು ಕೂತಿದ್ದ. ಈ ವರ್ಷ ಏನಾಯಿತು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು.

ಎಂಟು ದಿನವಾಯ್ತು, ಬಿದ್ದಿದೆ. ಅದೇ ಜಾಗ. ನಾನು ಸುರಿದ ಜಲ್ಲಿಯೆಲ್ಲ ಎಲ್ಲಿ ಹೋಯ್ತೋ, ಒಂದು ಹರಳೂ ಇಲ್ಲ. ಅದೇ ಗೂಡು, ಅದೇ ನುಣುಪು. ಚನ್ನಾಜಮ್ಮ ಇಲ್ಲ, ಮತ್ತೆ ಯಾರಿಗೆ ಅಂತ ಅಂಚಿನಲ್ಲಿ ಕೂತು ಯೋಚನೆ ಮಾಡ್ತಿದ್ದೆ. ಹಾಡುಹಗಲು. ಆಗ ಕೇಳಿಸ್ತು. ಪಕ್ಕದ ಟಾರಿನ ಕೆಳಗಿಂದ, ಗಂಡಸಿನ ದನಿ, ಬಹಳ ಹೊತ್ತು ಮಾತಾಡದವರು ಮಾತಾಡಿದರೆ ಒಡೀತದಲ್ಲ, ಅಂಥ ದನಿ.

"ಚನ್ನಾಜೀ... ಬಂದ್ಯಾ? ಸರಕಂಡಿವ್ನಿ, ಬಾ."

ಆತನಿಗೆ ಯಾರೂ ಹೇಳಿಲ್ಲ ಸ್ವಾಮಿ. ಹೆಂಡತಿ ಗೇಟಿನವರೆಗೆ ಬಂದಿದ್ದಳು ಅಂತ ಆತನಿಗೆ ಗೊತ್ತೇ ಇಲ್ಲ. ಇನ್ನೂ ಕಾಯ್ತಾ ಇದ್ದಾನೆ. ಅವಳು ಬರೋದಿಲ್ಲ, ಅವಳನ್ನ ತಡೆದವನು ನಾನು ಅಂತ ಯಾರಾದರೂ ಹೋಗಿ ಹೇಳಬೇಕಲ್ಲ? ಮೇಲಿನಿಂದ ಕೂಗಿ ಹೇಳಿದೆ, ಎಂಟು ದಿನ ಹೇಳಿದೆ. ಆತನಿಗೆ ಕೇಳಿಸೋದಿಲ್ಲ. ಪಕ್ಕದಲ್ಲಿ ಕೂತೇ ಹೇಳಬೇಕು ಅಂತ ಕಾಣ್ತದೆ. ಪುಟ್ಟಬಸಮ್ಮನ ಹತ್ತಿರ ನನಗೆ ಜಾಗ ಇಲ್ಲ. ಇಲ್ಲಿ ಇದೆ. ನನಗೆ ಭಯವಾಗ್ತದೆ ಇಂಜಿನಿಯರ್ ಸಾಹೇಬರೇ, ಸಾಯೋದಕ್ಕಲ್ಲ. ನಾನು ಹೋಗಿ ಕೂತ ಮೇಲೆ ಕತ್ತಲಲ್ಲಿ ಆತ ಕೈ ಚಾಚಿ, ಯಾರು ಅಂತ ತಡವಿ ನೋಡ್ತಾನಲ್ಲ... ಅದಕ್ಕೆ.

ನೀವು ವರದಿಯಲ್ಲಿ ಏನು ಬೇಕಾದರೂ ಬರೆಯಿರಿ. ಕಲ್ಲು ಹಾಕಬೇಡಿ ಅಂತ ನಾನು ಭಾಷೆ ಕೇಳೋದಿಲ್ಲ. ನೌಕರಿಯಲ್ಲಿರೋರ ಭಾಷೆ ಎಷ್ಟು ತೂಗ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೇ ಒಂದು ಮಾತು ಹೇಳ್ತೀನಿ. ನಾಳೆ ಬೆಳಿಗ್ಗೆ ಸರಪಳಿ ಎಳೀತಾ ಅಲ್ಲಿಗೆ ಹೋಗ್ತೀರಲ್ಲ, ಹೆಜ್ಜೆ ಸದ್ದು ಕೇಳಿ ಆತ ನಿಮ್ಮನ್ನೂ ಕೇಳ್ತಾನೆ. ಬಂದ್ಯಾ ಅಂತ. ಮೂವರಲ್ಲಿ ಯಾರೂ ಹ್ಞೂಂ ಅನ್ನಬೇಡಿ. ಅನ್ನಬೇಕಾದವನು ನಾನು.